ಮಣ್ಣಿಲ್ಲದ ಗಿಡಕ್ಕೆ ನೀರುಗೊಬ್ಬರ: ಸೀತಾಳೆ ದಂಡೆಯಿಂದ ಹಿಡಿದ ಒಂದು ಚರಿತ್ರೆ



ಸಕಲೇಶಪುರ, ಆಲೂರಿನ ಕಡೆ ಮಳೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ, ಹಲಸಿನ ಮರದ ಕವಲಿನಿಂದ ಬಿಳುಪು ನೇರಳೆ ಬಣ್ಣದ ಹೂವಿನ ಜಡೆ ಇಳಿಬಿದ್ದಿರುವುದನ್ನು ನೀವು ನೋಡಿಯೇ ಇರುತ್ತೀರಿ. ಸೀತಾಳೆ ದಂಡೆ ಅಂತ ಕರೀತೀವಿ. ಆ ಗಿಡದ ಬುಡದಲ್ಲಿ ಒಂದು ಹಿಡಿ ಮಣ್ಣಿಲ್ಲ. ಯಾರೂ ಅದಕ್ಕೆ ಗೊಬ್ಬರ ಹಾಕಿಲ್ಲ, ಬೇಸಿಗೆಯಲ್ಲಿ ಒಂದು ಚೊಂಬು ನೀರು ಹೊಯ್ದವರಿಲ್ಲ. ಆದರೂ ವರ್ಷ ವರ್ಷ ತಪ್ಪದೆ ಹೂ ಬಿಡುತ್ತದೆ. ಅದೇ ಗಿಡವನ್ನು ಆಸೆಪಟ್ಟು ಮನೆಗೆ ತಂದು, ಕುಂಡದಲ್ಲಿ ಕೆಮ್ಮಣ್ಣು ಕೊಟ್ಟಿಗೆಗೊಬ್ಬರ ತುಂಬಿ ನೆಟ್ಟು ನೋಡಿ. ಒಂದು ಮಳೆಗಾಲ ದಾಟುವುದೇ ಕಷ್ಟ. ಬೇರು ಕೊಳೆತು, ಎಲೆ ಹಳದಿಯಾಗಿ ಬಿದ್ದುಹೋಗುತ್ತದೆ. ಮರದ ಮೇಲೆ ಉಪವಾಸ ಇದ್ದ ಹಾಗೆ ಕಂಡದ್ದು ಬದುಕಿತು, ಮನೆಯಲ್ಲಿ ಹಬ್ಬದೂಟ ಬಡಿಸಿದ್ದು ಸತ್ತಿತು.

ಇದು ಯಾಕೆ ಹೀಗೆ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಮನುಷ್ಯನಿಗೆ ಸುಮಾರು ಮುನ್ನೂರು ವರ್ಷ ಹಿಡಿಯಿತು. ಆ ಉತ್ತರ ಸಿಕ್ಕ ಮೇಲೆಯೇ ಮಣ್ಣಿಲ್ಲದೆ ಗಿಡ ಬೆಳೆಸುವ ವಿದ್ಯೆಯೂ, ಅದಕ್ಕೆ ಬೇಕಾದ ನೀರುಗೊಬ್ಬರವನ್ನು ಮನೆಯಲ್ಲೇ ಕಲಸಿಕೊಳ್ಳುವ ವಿದ್ಯೆಯೂ ಬಂದದ್ದು. ಇವತ್ತು ಆ ಚರಿತ್ರೆಯನ್ನು ಹೇಳುತ್ತೇನೆ. ಜೊತೆಗೆ ಜಗಲಿಯ ಮೇಲಿನ ನಾಲ್ಕು ಗಿಡಕ್ಕೆ ಸಾಲುವಷ್ಟು ಗೊಬ್ಬರ ಕಲಸುವ ಕ್ರಮವನ್ನೂ ಹೇಳುತ್ತೇನೆ.

ಮೊದಲು ಒಂದು ಸಂಶಯ ನಿವಾರಣೆ ಆಗಲಿ. “ಮರಕ್ಕೆ ಬದನಿಕೆ ಹಿಡಿದ ಹಾಗೆ ಇದೂ ಮರದ ರಸ ಹೀರುತ್ತದಲ್ಲವೇ?” ಅಂತ ಕೇಳುವವರುಂಟು. ಇಲ್ಲ. ಬದನಿಕೆ ತನ್ನ ಬೇರನ್ನು ಮರದ ಒಳಕ್ಕೇ ಇಳಿಸಿ ರಸ ಕದಿಯುತ್ತದೆ. ಅದನ್ನು ಕಡಿದು ತೆಗೆಯುವುದು ಸರಿ. ಸೀತಾಳೆ ತೊಗಟೆಯ ಮೇಲೆ ಕೂತಿರುತ್ತದೆ, ಅಷ್ಟೆ. ಅದರ ಬೇರನ್ನು ಹತ್ತಿರದಿಂದ ನೋಡಿ: ಹೊರಗೆ ಬೆಳ್ಳಗೆ, ಬೆಂಡಿನ ಹಾಗೆ ಒಂದು ಪದರ ಇದೆ. ಮಳೆ ಹನಿ ಬಿದ್ದ ಕೂಡಲೇ ಆ ಪದರ ನೀರು ಹೀರಿ ಹಸಿರಾಗುತ್ತದೆ. ಬರೀ ನೀರಲ್ಲ. ಎಲೆಯ ಮೇಲಿನ ಧೂಳು, ಹಕ್ಕಿಯ ಹಿಕ್ಕೆ, ಕೊಳೆತ ಪಾಚಿ, ಎಲೆಯಿಂದ ತೊಳೆದು ಬಂದ ಲವಣಾಂಶ, ಎಲ್ಲವೂ ಆ ನೀರಿನಲ್ಲಿ ಕರಗಿ ಕಾಂಡದ ಮೇಲೆ ಇಳಿಯುತ್ತದೆ. ಆದರೆ ಬಹಳ ತೆಳುವಾಗಿ. ಕಾಫಿ ಲೋಟ ತೊಳೆದ ನೀರಿನಲ್ಲಿ ಎಷ್ಟು ಕಾಫಿ ಉಳಿದಿರುತ್ತದೋ ಅಷ್ಟು ಅಂತ ಇಟ್ಟುಕೊಳ್ಳಿ. ಈ ತೆಳು ಊಟವೇ ಅದರ ಊಟ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅಳತೆ ಹೇಳುವಾಗ ಬೇಕಾಗುತ್ತದೆ.

ಗಿಡ ಏನನ್ನು ತಿಂದು ಬೆಳೆಯುತ್ತದೆ? ಹಿಂದಿನ ಕಾಲದಲ್ಲಿ ಪಂಡಿತ ಪಾಮರರೆಲ್ಲರೂ ಮಣ್ಣನ್ನು ತಿಂದು ಅಂತಲೇ ನಂಬಿದ್ದರು. ಇದನ್ನು ತೂಕ ಹಾಕಿ ನೋಡಿದವನು ಇಂದಿನ ಬೆಲ್ಜಿಯಂ ದೇಶದ ವಾನ್ ಹೆಲ್ಮಾಂಟ್ ಎಂಬ ವೈದ್ಯ. ಒಣಗಿಸಿದ ಮಣ್ಣು ಸುಮಾರು 90 ಕಿಲೋ ಅಳೆದು ದೊಡ್ಡ ಕುಂಡಕ್ಕೆ ಹಾಕಿದ. ಅದರಲ್ಲಿ ಎರಡೂಕಾಲು ಕಿಲೋ ತೂಕದ ಒಂದು ಎಳೆಯ ವಿಲ್ಲೋ ಗಿಡ ನೆಟ್ಟ. ಐದು ವರ್ಷ ಮಳೆನೀರು ಬಿಟ್ಟು ಬೇರೇನೂ ಕೊಡಲಿಲ್ಲ. ಐದು ವರ್ಷದ ಮೇಲೆ ಕಿತ್ತು ತೂಗಿದರೆ ಮರ ಸುಮಾರು 76 ಕಿಲೋ ಆಗಿತ್ತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದ; ಕಡಿಮೆಯಾಗಿದ್ದು ಸುಮಾರು 57 ಗ್ರಾಂ ಮಾತ್ರ! ಹಾಗಾದರೆ ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನ ಮಾಡಿದ. ಅವನು ಸತ್ತ ಮೇಲೆ 1648ರಲ್ಲಿ ಇದು ಪುಸ್ತಕದಲ್ಲಿ ಅಚ್ಚಾಯಿತು.

ಅವನ ತಕ್ಕಡಿ ಸುಳ್ಳು ಹೇಳಲಿಲ್ಲ, ತೀರ್ಮಾನ ಮಾತ್ರ ಪೂರ್ತಿ ಸರಿಯಲ್ಲ. ಮರದ ತೂಕದಲ್ಲಿ ಬಹುಪಾಲು ಗಾಳಿಯಿಂದಲೂ ನೀರಿನಿಂದಲೂ ಬಂದದ್ದು ನಿಜ. ಗಾಳಿಯ ಸಂಗತಿ ಆಗ ಅವನಿಗೆ ಗೊತ್ತಿರಲಿಲ್ಲ. ಮಣ್ಣಿನಿಂದ ಹೋದ ಆ 57 ಗ್ರಾಂ ಲೆಕ್ಕಕ್ಕೇ ಇಲ್ಲ ಅಂತ ಅವನು ಬಿಟ್ಟುಬಿಟ್ಟ. ನಮ್ಮ ಕಥೆಯೆಲ್ಲ ಇರುವುದು ಆ 57 ಗ್ರಾಮಿನಲ್ಲೇ.

1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನ ಗಿಡಗಳನ್ನು ಬರೀ ನೀರಿನ ಸೀಸೆಗಳಲ್ಲಿ ಬೆಳೆಸಿದ. ಒಂದರಲ್ಲಿ ಮಳೆನೀರು, ಒಂದರಲ್ಲಿ ಥೇಮ್ಸ್ ನದಿಯ ನೀರು, ಇನ್ನೊಂದರಲ್ಲಿ ತೋಟದ ಮಣ್ಣು ಕಲಸಿದ ನೀರು. ಮಳೆನೀರಿನ ಗಿಡ ಹೆಚ್ಚೇನೂ ಬೆಳೆಯಲಿಲ್ಲ, ಮಣ್ಣು ಕಲಸಿದ ನೀರಿನದು ಚೆನ್ನಾಗಿ ಬೆಳೆಯಿತು. ಬರೀ ನೀರೇ ಆಹಾರವಾಗಿದ್ದರೆ ಎಲ್ಲವೂ ಒಂದೇ ಸಮ ಬೆಳೆಯಬೇಕಿತ್ತಲ್ಲ? ನೀರಿನೊಳಗೆ ಮಣ್ಣಿನಿಂದ ಬಂದ ಏನೋ ಒಂದು ಇದೆ ಎನ್ನುವುದು ಖಚಿತವಾಯಿತು. ಆ ಏನೋ ಒಂದು ಯಾವುದು ಎಂದು ಹೇಳುವುದಕ್ಕೆ ಬೇಕಾದ ರಸಾಯನಶಾಸ್ತ್ರ ಮಾತ್ರ ಆಗ ಇನ್ನೂ ಹುಟ್ಟಿರಲಿಲ್ಲ.

ಅದು ಬಂದದ್ದು 1840ರ ನಂತರ. ಆ ವರ್ಷ ಜರ್ಮನಿಯ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞನು ಗಿಡಕ್ಕೆ ಬೇಕಾದ್ದು ಖನಿಜ ಲವಣಗಳು ಎಂದು ಪುಸ್ತಕ ಬರೆದು ಸಾರಿದ. ಮಂಜರಾಬಾದ್ ಸೀಮೆಯಲ್ಲಿ, ಅಂದರೆ ಈಗಿನ ಸಕಲೇಶಪುರದ ಕಡೆ, ದೊರೆಗಳು ಕಾಫಿ ತೋಟ ಹಾಕುತ್ತಿದ್ದ ಕಾಲ ಅದು. 1850ರ ದಶಕದಲ್ಲಿ ಇಲ್ಲಿಗೆ ಬಂದು ತೋಟ ಮಾಡಿದ ಎಲಿಯಟ್ ಎಂಬ ದೊರೆ 1894ರಲ್ಲಿ ಬರೆದ ಪುಸ್ತಕದಲ್ಲಿ ನೆರಳಿನ ಮರಕ್ಕೆ ಒಂದು ಅಧ್ಯಾಯ, ಗೊಬ್ಬರಕ್ಕೆ ಒಂದು ಅಧ್ಯಾಯ ಇಟ್ಟಿದ್ದಾನೆ. ಮೂಳೆಹುಡಿ, ಹಿಂಡಿ, ಕೊಟ್ಟಿಗೆಗೊಬ್ಬರ, ಇವೆಲ್ಲ ಇಲ್ಲಿನ ತೋಟಗಳಿಗೆ ಹೊಸದಲ್ಲ. ಆದರೆ ಅವೆಲ್ಲವೂ ಮಣ್ಣಿಗೆ ಹಾಕುವ ಗೊಬ್ಬರ. ಗಿಡಕ್ಕೆ ನೇರವಾಗಿ, ಮಣ್ಣಿನ ಮಧ್ಯಸ್ಥಿಕೆಯಿಲ್ಲದೆ ಊಟ ಕೊಡಬಹುದೇ?

ಕೊಡಬಹುದು ಎಂದು ತೋರಿಸಿದವರು ಇಬ್ಬರು, ಇಬ್ಬರೂ ಜರ್ಮನಿಯವರು: ಯೂಲಿಯುಸ್ ಸಾಕ್ಸ್ ಮತ್ತು ವಿಲ್‌ಹೆಲ್ಮ್ ಕ್ನೋಪ್. 1860ರಿಂದ ಮುಂದಿನ ಐದಾರು ವರ್ಷದೊಳಗೆ ಅವರು ಗಿಡಗಳನ್ನು ಬೀಜದಿಂದ ಮತ್ತೆ ಬೀಜದವರೆಗೆ, ಚಿಟಿಕೆ ಮಣ್ಣಿಲ್ಲದೆ, ಬರೀ ಲವಣ ಕರಗಿಸಿದ ನೀರಿನಲ್ಲಿ ಬೆಳೆಸಿ ತೋರಿಸಿದರು. ಕ್ನೋಪ್ ಹೇಳಿದ ಕಲಬೆರಕೆ ಎಷ್ಟು ಸರಳ ಅಂದರೆ ಅಡಿಗೆಮನೆಯ ಲೆಕ್ಕದಲ್ಲೇ ಹೇಳಬಹುದು. ಕ್ಯಾಲ್ಸಿಯಂ ನೈಟ್ರೇಟ್ ನಾಲ್ಕು ಪಾಲು; ಪೊಟ್ಯಾಸಿಯಂ ನೈಟ್ರೇಟ್ ಒಂದು ಪಾಲು; ಪೊಟ್ಯಾಸಿಯಂ ಫಾಸ್ಫೇಟ್ ಒಂದು ಪಾಲು; ಮೆಗ್ನೀಷಿಯಂ ಸಲ್ಫೇಟ್ ಒಂದು ಪಾಲು; ಮೇಲೆ ಕಣ್ಣಿಗೆ ಕಾಣುವಷ್ಟು ಕಬ್ಬಿಣದ ಲವಣ. ಎಲ್ಲ ಸೇರಿ ಒಂದು ಲೀಟರ್ ನೀರಿಗೆ ಎರಡು ಗ್ರಾಂ ಕೂಡ ಇಲ್ಲ. ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣ, ಮೆಗ್ನೀಷಿಯಂ, ಗಂಧಕ, ಕಬ್ಬಿಣ, ಏಳೂ ಅದರಲ್ಲಿ ಬಂದುಹೋದವು. ವಾನ್ ಹೆಲ್ಮಾಂಟನ 57 ಗ್ರಾಂ ಅಂದರೆ ಇವೇ.

ಈ ಹೆಸರುಗಳನ್ನು ಕೇಳಿ ಗಾಬರಿಯಾಗಬೇಡಿ. ಇವುಗಳಲ್ಲಿ ಅರ್ಧ ನಿಮಗೆ ಹಳೇ ಪರಿಚಯ. ಪೊಟ್ಯಾಸಿಯಂ ನೈಟ್ರೇಟ್ ಅಂದರೆ ನಮ್ಮ ಪೆಟ್ಲುಪ್ಪು. ಬಯಲುಸೀಮೆಯ ಹಳೇ ಊರುಗಳಲ್ಲಿ ಗೋಡೆಬುಡದ, ಹಾಳು ಹಟ್ಟಿಯ ಮಣ್ಣನ್ನು ಕೆರೆದು ತಂದು, ನೀರಿನಲ್ಲಿ ತೊಳೆದು, ಆ ನೀರನ್ನು ಕಾಯಿಸಿ ಪೆಟ್ಲುಪ್ಪು ತೆಗೆಯುತ್ತಿದ್ದರು. ದನದ ಗಂಜಲದ ಸಾರವೇ ಕಾಲಕ್ರಮದಲ್ಲಿ ಮಣ್ಣಿನಲ್ಲಿ ಆ ಉಪ್ಪಾಗಿ ನಿಲ್ಲುತ್ತದೆ. ಕೋವಿ ಮದ್ದಿನಲ್ಲಿ ಮುಕ್ಕಾಲು ಪಾಲು ಅದೇ. ಸಕಲೇಶಪುರದ ಪಕ್ಕದ ಗುಡ್ಡದ ಮೇಲೆ 1792ರ ಹೊತ್ತಿಗೆ ಟಿಪ್ಪು ಸುಲ್ತಾನ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಇದೆಯಲ್ಲ, ಅಲ್ಲಿಯ ಫಿರಂಗಿಗೆ ತುಂಬಿದ ಮದ್ದಿನ ಮುಖ್ಯ ವಸ್ತುವೂ ಸೀಸೆಯಲ್ಲಿ ಗಿಡ ಬೆಳೆಸಿದ ವಸ್ತುವೂ ಒಂದೇ ಉಪ್ಪು. ಈಗ ಅದು ಹನಿ ನೀರಾವರಿಯವರಿಗಾಗಿ 13-0-45 ಎಂಬ ಹೆಸರಿನಲ್ಲಿ ಗೊಬ್ಬರದ ಅಂಗಡಿಗೆ ಬರುತ್ತದೆ. ಪೊಟ್ಯಾಸಿಯಂ ಫಾಸ್ಫೇಟ್ ಎಂದರೆ ಅದೇ ಅಂಗಡಿಯ 0-52-34. ಮೆಗ್ನೀಷಿಯಂ ಸಲ್ಫೇಟ್ ಎಂದರೆ ಎಪ್ಸಂ ಉಪ್ಪು, ಹಿಂದೆ ಹೊಟ್ಟೆ ಕಟ್ಟಿದವರಿಗೆ ಭೇದಿಗೆ ಕೊಡುತ್ತಿದ್ದುದು. ಕಬ್ಬಿಣದ ಲವಣವೇ ಅನ್ನಭೇದಿ. ಕ್ಯಾಲ್ಸಿಯಂ ನೈಟ್ರೇಟ್ ಒಂದು ಹೊಸದು, ಅದೂ ಹರಳಿನ ರೂಪದಲ್ಲಿ ಚೀಲದಲ್ಲಿ ಸಿಗುತ್ತದೆ.

ಕ್ನೋಪನ ಕಾಲದಿಂದ ಸುಮಾರು ಅರವತ್ತು ವರ್ಷ ಈ ವಿದ್ಯೆ ಪ್ರಯೋಗಶಾಲೆಯ ಸೀಸೆ ಬಿಟ್ಟು ಹೊರಗೆ ಬರಲಿಲ್ಲ. 1929ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗೆರಿಕೆ ಎಂಬ ವಿಜ್ಞಾನಿ ದೊಡ್ಡ ತೊಟ್ಟಿಗಳಲ್ಲಿ ಲವಣದ ನೀರು ತುಂಬಿ ಏಣಿ ಹಾಕಿ ಕೊಯ್ಯುವಷ್ಟು ಎತ್ತರದ ಟೊಮೇಟೊ ಬೆಳೆದ. 1937ರಲ್ಲಿ ಈ ಪದ್ಧತಿಗೆ ‘ಹೈಡ್ರೊಪೋನಿಕ್ಸ್’ ಎಂದು ಹೆಸರಾಯಿತು. ಜಲಕೃಷಿ ಅಂತ ನಾವು ಹೇಳಬಹುದು. ಪತ್ರಿಕೆಗಳು ಗದ್ದಲ ಎಬ್ಬಿಸಿದವು. ಇನ್ನು ಹೊಲವೇ ಬೇಡ, ನೇಗಿಲೇ ಬೇಡ ಎನ್ನುವವರೆಗೂ ಮಾತು ಹೋಯಿತು. ಆಗ ಅದೇ ವಿಶ್ವವಿದ್ಯಾನಿಲಯದ ಹೋಗ್ಲಂಡ್ ಮತ್ತು ಆರ್ನನ್ ಎಂಬ ಇಬ್ಬರು ತಾಳ್ಮೆಯಿಂದ ಪರೀಕ್ಷೆ ಮಾಡಿ 1938ರಲ್ಲಿ ಒಂದು ಸಣ್ಣ ಪುಸ್ತಿಕೆ ಬರೆದರು. ಒಳ್ಳೆಯ ಮಣ್ಣಿನಲ್ಲಿ ಬೆಳೆದದ್ದಕ್ಕಿಂತ ನೀರಿನಲ್ಲಿ ಬೆಳೆದದ್ದು ಇಳುವರಿಯಲ್ಲಾಗಲಿ ಸತ್ವದಲ್ಲಾಗಲಿ ವಿಶೇಷ ಹೆಚ್ಚೇನೂ ಇಲ್ಲ, ಮಣ್ಣು ಇಲ್ಲದ ಕಡೆ ಇದು ಪ್ರಯೋಜನ ಎಂಬುದು ಅವರ ಅಭಿಪ್ರಾಯದ ಸಾರ. ನನಗೆ ಕೇಳಿದರೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಪುಸ್ತಿಕೆ ಇದೇ. ಇವತ್ತಿಗೂ ಬಣ್ಣದ ಸೀಸೆಯಲ್ಲಿ ನೀರು ತುಂಬಿ, ಒಂದು ಮುಚ್ಚಳ ಹಾಕಿದರೆ ಗಿಡ ಕುಣಿಯುತ್ತದೆ ಎಂದು ಮಾರುವವರು ಇದ್ದಾರೆ. ಒಳಗಿರುವುದು ಇದೇ ಏಳೆಂಟು ಲವಣ, ಬೆಲೆ ಮಾತ್ರ ಹತ್ತು ಪಟ್ಟು.

ಮಣ್ಣಿಲ್ಲದ ಕಡೆ ಪ್ರಯೋಜನ ಎಂಬ ಮಾತು ಯುದ್ಧಕಾಲದಲ್ಲಿ ನಿಜವಾಯಿತು. ಬೂದಿ ಬಂಡೆಯೇ ತುಂಬಿದ ಅಸೆನ್ಷನ್ ದ್ವೀಪದಲ್ಲಿ 1945ರಲ್ಲಿ ಅಮೆರಿಕದ ಸೈನಿಕರಿಗೆ ಜಲ್ಲಿಯಲ್ಲಿ ಲವಣದ ನೀರು ಹಾಯಿಸಿ ತರಕಾರಿ ಬೆಳೆದರು. ಆದರೆ ಅದಕ್ಕೆ ಪಂಪು, ಸಿಮೆಂಟ್ ತೊಟ್ಟಿ, ದಿನಾ ಪರೀಕ್ಷೆ ಮಾಡುವ ತಜ್ಞರು ಎಲ್ಲ ಬೇಕು. ನಮ್ಮಂಥ ಬಡದೇಶದ ಮನೆಯವರಿಗೆ ಇದನ್ನು ಒಗ್ಗಿಸಬೇಕು ಎಂದು ಹೊರಟದ್ದು ನಮ್ಮ ದೇಶದಲ್ಲೇ, 1943ರ ಕ್ಷಾಮ ಕಂಡಿದ್ದ ಬಂಗಾಳದಲ್ಲಿ. 1946ರಿಂದ ಆಗಿನ ಡಾರ್ಜಿಲಿಂಗ್ ಜಿಲ್ಲೆಯ ಕಾಲಿಂಪಾಂಗಿನಲ್ಲಿ ಶೋಲ್ಟೊ ಡಗ್ಲಾಸ್ ಎಂಬಾತ ಪ್ರಯೋಗ ನಡೆಸಿದ. ಕಾಲಿಂಪಾಂಗ್ ಅಂದರೆ ನಮ್ಮ ಹಾಗೇ ಮಳೆ, ಮಂಜು, ಇಳಿಜಾರು ಇರುವ ಊರು. ಅವನು ಪಂಪನ್ನು ಬಿಟ್ಟ. ಜಲ್ಲಿಚೂರಿಗೆ ಮರಳು ಬೆರೆಸಿ ತುಂಬಿದ ತೊಟ್ಟಿಯಲ್ಲಿ ಗಿಡ ನೆಟ್ಟು, ಲೆಕ್ಕದಂತೆ ಲವಣ ಉದುರಿಸಿ, ಕೈಯಿಂದಲೇ ನೀರು ಹನಿಸುವುದು. ಇಷ್ಟೇ. 1951ರಲ್ಲಿ ಬಂದ ಅವನ ಪುಸ್ತಕದಿಂದ ಇದಕ್ಕೆ ‘ಬಂಗಾಳ ಪದ್ಧತಿ’ ಎಂದು ಲೋಕದಲ್ಲೇ ಹೆಸರಾಯಿತು. ತಕ್ಕಡಿ, ಬಕೆಟ್ಟು, ಬುದ್ಧಿ ಇದ್ದರೆ ಸಾಕು ಎಂದು ತೋರಿಸಿದ್ದು ಈ ಪದ್ಧತಿ.

ಈಗ ನಮ್ಮ ಗುಡ್ಡಗಳಿಗೆ ಬರೋಣ. ಕಾಫಿ ಸೀಮೆಗೆ ಮಣ್ಣಿಲ್ಲದ ಬೇಸಾಯ ಬಂದದ್ದು ತರಕಾರಿಯ ಮೂಲಕ ಅಲ್ಲ, ಹೂವಿನ ಮೂಲಕ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿದಾಗ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಎಷ್ಟೋ ಮನೆಯವರು, ಅದರಲ್ಲೂ ಹೆಂಗಸರು, ಮನೆ ಪಕ್ಕದಲ್ಲಿ ನೆರಳುಬಲೆ ಕಟ್ಟಿ ಆಂಥೂರಿಯಂ ಬೆಳೆಸಿದರು. ದಕ್ಷಿಣ ಅಮೆರಿಕದ ಕಾಡಿನ ಗಿಡ ಅದು. ಮಣ್ಣಿಗಿಂತ ತೆಂಗಿನ ಸಿಪ್ಪೆಯ ಚೂರು, ಇಟ್ಟಿಗೆ ತುಂಡು, ಇದ್ದಿಲು, ಇವುಗಳಲ್ಲೇ ಚೆನ್ನ. ಸಿಪ್ಪೆಗೆ ಇದ್ದಿಲಿಗೆ ತನ್ನದೇ ಸಾರ ಇಲ್ಲವಲ್ಲ, ಅದಕ್ಕೆ ನೀರಿನಲ್ಲಿ ಕರಗುವ ಗೊಬ್ಬರ ಬೇಕಾಯಿತು.

ಅದೇ ಕಾಲಕ್ಕೆ ವೆನಿಲ್ಲಾ ಬಂತು. ವೆನಿಲ್ಲಾ ಕೂಡ ಸೀತಾಳೆಯ ಬಳಗದ್ದೇ, ಆರ್ಕಿಡ್ ಜಾತಿಯ ಬಳ್ಳಿ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಹೊಡೆದು ಅಲ್ಲಿಯ ಬೆಳೆ ಹಾಳಾದ ಮೇಲೆ ಬೆಲೆ ಏರಿತು. 2003-04ರ ಹೊತ್ತಿಗೆ ಕಾಯಿ ಕಾಯಲು ರಾತ್ರಿ ಪಹರೆ ಹಾಕಬೇಕಾಯಿತು, ಆಮೇಲೆ ಬೆಲೆ ಬಿದ್ದುಹೋಯಿತು. ಆ ಭರಾಟೆಯಲ್ಲಿ ಬೇಗ ಕಾಯಿ ಬರಲಿ ಅಂತ ಸಗಣಿ ಬಗ್ಗಡ, ಹಿಂಡಿ ನೀರು, ರಾಸಾಯನಿಕ, ಎಲ್ಲವನ್ನೂ ಗಟ್ಟಿಯಾಗಿ ಸುರಿದವರುಂಟು. ನೀರು ನಿಂತ, ಸಾರ ಹೆಚ್ಚಾದ ಬುಡದಲ್ಲಿ ಬೇರು ಕೊಳೆತು ಬಳ್ಳಿ ಸೊರಗುತ್ತದೆ. ಆರ್ಕಿಡ್ ಜಾತಿಗೆ ತೆಳು ಊಟವೇ ಊಟ ಎಂದು ಮೊದಲೇ ಹೇಳಿದೆನಲ್ಲ!

ಇನ್ನು ಕಲಸುವ ಕ್ರಮ. ಬೋರ್ಡೋ ದ್ರಾವಣ ಮಾಡಿದ ಮಲೆನಾಡಿನವರಿಗೆ ಇದನ್ನು ಕಲಿಸುವುದು ಸುಲಭ. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಆ ಔಷಧವನ್ನು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದಾಗಿನಿಂದ ನಮ್ಮವರು ಕಲಸುತ್ತಲೇ ಇದ್ದಾರೆ. ಮೈಲುತುತ್ತ ಬೇರೆ ಪಾತ್ರೆ, ಸುಣ್ಣ ಬೇರೆ ಪಾತ್ರೆ; ಎರಡನ್ನೂ ಗಟ್ಟಿಯಾಗಿ ಒಟ್ಟಿಗೆ ಸುರಿದರೆ ಕೆಟ್ಟಿತು. ಇಲ್ಲಿಯೂ ಅದೇ ಶಿಸ್ತು. ಕ್ಯಾಲ್ಸಿಯಂ ನೈಟ್ರೇಟ್ ಒಂದು ಸೀಸೆ, ಮಿಕ್ಕ ಮೂರು ಇನ್ನೊಂದು ಸೀಸೆ. ಗಟ್ಟಿಯಾಗಿರುವಾಗಲೇ ಬೆರೆಸಿದರೆ ಸುಣ್ಣದಂಶ, ಗಂಧಕ, ರಂಜಕ ಸೇರಿ ತಳದಲ್ಲಿ ಬೆಳ್ಳಗೆ ಗಸಿ ಕೂರುತ್ತದೆ. ಗಿಡಕ್ಕೆ ಸೇರಬೇಕಾದ್ದು ಬಕೆಟ್ಟಿನ ತಳಕ್ಕೆ ಸೇರುತ್ತದೆ.

ಮೊದಲನೆಯ ಸೀಸೆಗೆ ಒಂದು ಲೀಟರ್ ನೀರು, 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್. ಎರಡನೆಯದಕ್ಕೆ ಒಂದು ಲೀಟರ್ ನೀರು, 13-0-45 ಇಪ್ಪತ್ತೈದು ಗ್ರಾಂ, 0-52-34 ಇಪ್ಪತ್ತೈದು ಗ್ರಾಂ, ಎಪ್ಸಂ ಉಪ್ಪು ಇಪ್ಪತ್ತೈದು ಗ್ರಾಂ. ಅಳತೆಗೆ ಅಂಗಡಿಯ ತಕ್ಕಡಿಯಲ್ಲೇ ತೂಗಿಸಿ, ಕಣ್ಣಂದಾಜು ಬೇಡ. ಬಳಸುವ ದಿನ ಹತ್ತು ಲೀಟರ್ ಬಕೆಟ್ಟಿಗೆ ಮೊದಲು ನೀರು ತುಂಬಿಕೊಳ್ಳಿ. ಆಂಥೂರಿಯಂ, ಮನಿಪ್ಲಾಂಟ್ ಮುಂತಾದ ಎಲೆಗಿಡಗಳಿಗಾದರೆ ಒಂದೊಂದು ಸೀಸೆಯಿಂದಲೂ 50 ಮಿಲಿಲೀಟರ್. ಒಂದನ್ನು ಹಾಕಿ ಕಲಕಿ, ಆಮೇಲೆ ಇನ್ನೊಂದು. ಇದು ಕ್ನೋಪ್ ಹೇಳಿದ್ದರ ಅರ್ಧ ಗಟ್ಟಿ. ಸೀತಾಳೆ ಮತ್ತು ಅಂಗಡಿಯಿಂದ ತಂದ ಆರ್ಕಿಡ್‌ಗಳಿಗೆ ಅದರಲ್ಲೂ ಅರ್ಧ, ಅಂದರೆ 25 ಮಿಲಿಲೀಟರ್ ಸಾಕು. ವಾರಕ್ಕೆ ಒಂದು ಸಲ, ಅದೂ ಹೊಸ ಬೇರು ಹೊಸ ಎಲೆ ಬರುವ ತಿಂಗಳುಗಳಲ್ಲಿ. ಚಳಿಗಾಲದಲ್ಲಿ ಗಿಡ ಸುಮ್ಮನಿರುವಾಗ ನೀವೂ ಸುಮ್ಮನಿರಿ, ತಿಂಗಳಿಗೊಮ್ಮೆ ಕೊಟ್ಟರೆ ಹೆಚ್ಚು.

ಅನ್ನಭೇದಿಯನ್ನು ಸೀಸೆಯಲ್ಲಿ ಕಲಸಿಡಬೇಡಿ, ತುಕ್ಕಾಗಿ ಹೋಗುತ್ತದೆ. ಬಕೆಟ್ಟಿಗೆ ನಾಲ್ಕೈದು ಅಕ್ಕಿಕಾಳಿನಷ್ಟನ್ನು ಒಂದು ಲೋಟ ನೀರಿನಲ್ಲಿ ಎರಡು ಹನಿ ನಿಂಬೆರಸ ಬಿಟ್ಟು ಕರಗಿಸಿ ಆಗಲೇ ಸುರಿಯಿರಿ. ನಿಂಬೆಯ ಹುಳಿ ಕಬ್ಬಿಣವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ.

ಇಲ್ಲಿ ಚರಿತ್ರೆಯ ಇನ್ನೊಂದು ತುಣುಕು ಹೇಳಬೇಕು. ಕ್ನೋಪನ ಏಳು ಸಾರಗಳೇ ಪೂರ್ತಿ ಎಂದು ಬಹಳ ಕಾಲ ನಂಬಿದ್ದರು. ಅವನ ಕಾಲದ ಲವಣಗಳು ಅಷ್ಟು ಶುದ್ಧವಾಗಿರಲಿಲ್ಲ, ಅವುಗಳ ಕಲ್ಮಶದಲ್ಲೇ ಗಿಡಕ್ಕೆ ಬೇಕಾದ ಬೇರೆ ಅಂಶಗಳು ಸೇರಿಕೊಂಡಿದ್ದವು! ಶುದ್ಧ ಲವಣ ಸಿಗತೊಡಗಿದ ಮೇಲೆ ಗಿಡ ಸೊರಗಿತು. ಹೀಗೆ ಒಂದೊಂದಾಗಿ ಬಯಲಾದವು. 1923ರಲ್ಲಿ ಇಂಗ್ಲೆಂಡಿನ ಕ್ಯಾಥರಿನ್ ವಾರಿಂಗ್ಟನ್ ಎಂಬಾಕೆ ಬೋರಾನ್ ಇಲ್ಲದೆ ಹುರುಳಿ ಜಾತಿಯ ಗಿಡ ಬದುಕದೆಂದು ತೋರಿಸಿದಳು, 1926ರಲ್ಲಿ ಸತು, 1939ರಲ್ಲಿ ಮಾಲಿಬ್ಡಿನಂ. ನಮಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ತಿಂಗಳಿಗೊಮ್ಮೆ, ಕಾಫಿಗೆ ಸಿಂಪಡಿಸಲು ತರುವ ಲಘು ಪೋಷಕಾಂಶದ ಪುಡಿಯಿದ್ದರೆ, ಪೊಟ್ಟಣದ ಮೇಲೆ ಬರೆದ ಅಳತೆಯ ಕಾಲು ಭಾಗ ಮಾತ್ರ ಕೊಡಿ. ಮಲೆನಾಡಿನ ಮಳೆನೀರು, ಹಳ್ಳದ ನೀರು ಮೆದು ನೀರು. ಅದರಲ್ಲಿ ಸುಣ್ಣದಂಶ ಕಡಿಮೆ. ಅದಕ್ಕೇ ಕ್ಯಾಲ್ಸಿಯಂ ನೈಟ್ರೇಟ್ ಬಿಡಬಾರದು.

“ಯೂರಿಯಾ ಮನೆಯಲ್ಲೇ ಇದೆಯಲ್ಲ, ಅದನ್ನೇ ಕರಗಿಸಿದರಾಗದೇ?” ಅಂತ ಕೇಳೀರಿ. ಮಣ್ಣಿನಲ್ಲಿ ಯೂರಿಯಾವನ್ನು ಒಡೆದು ಬೇರಿಗೆ ಒಗ್ಗುವ ಹಾಗೆ ಮಾಡುವ ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ಇವೆ. ಇಟ್ಟಿಗೆ ಚೂರಿನಲ್ಲಿ, ಗಾಜಿನ ಸೀಸೆಯಲ್ಲಿ ಅವು ಎಲ್ಲಿಂದ ಬರಬೇಕು? ಮಣ್ಣಿಲ್ಲದ ಕಡೆ ನೈಟ್ರೇಟ್ ರೂಪದ ಸಾರಜನಕವೇ ಲೇಸು. ಇದೇ ಕಾರಣಕ್ಕೆ ಸಗಣಿ ತಿಳಿ, ಕಡಲೆಕಾಯಿ ಹಿಂಡಿ ನೆನೆಸಿದ ನೀರು ಇವನ್ನು ಕೂಡ ಯೋಚಿಸಿ ಕೊಡಬೇಕು. ಹೊರಗೆ ಗಾಳಿಯಾಡುವ ಕಡೆ, ಸಿಪ್ಪೆಯಲ್ಲಿ ಇದ್ದಿಲಿನಲ್ಲಿ ನೆಟ್ಟ ಗಿಡಕ್ಕೆ ಒಂದು ವಾರ ಕೊಳೆಸಿ, ಬಟ್ಟೆಯಲ್ಲಿ ಸೋಸಿ, ಒಂದಕ್ಕೆ ಇಪ್ಪತ್ತು ಪಾಲು ನೀರು ಬೆರೆಸಿ ಕೊಟ್ಟರೆ ತೊಂದರೆಯಿಲ್ಲ. ಗಾಜಿನ ಸೀಸೆಯ ಗಿಡಕ್ಕೆ ಬೇಡವೇ ಬೇಡ. ನೀರು ನಾರುತ್ತದೆ, ಬೇರು ಸಾಯುತ್ತದೆ. ಬೂದಿ ನೀರನ್ನು ಇದರ ಜೊತೆ ಬೆರೆಸಬೇಡಿ, ಅದರ ಕ್ಷಾರಕ್ಕೆ ಕಬ್ಬಿಣ, ರಂಜಕ ಎರಡೂ ಕಟ್ಟಿಹೋಗುತ್ತವೆ. ಬೋರ್ಡೋ ಕಲಸಿದ ಬ್ಯಾರಲ್ಲಾಗಲಿ ತಾಮ್ರದ ಕೊಡವಾಗಲಿ ಈ ಕೆಲಸಕ್ಕೆ ಬೇಡ. ತಾಮ್ರ ಈ ಜಾತಿಯ ಬೇರಿಗೆ ಆಗಿಬರುವುದಿಲ್ಲ.

ಗೊಬ್ಬರ ಕೊಡುವ ಮುಂಚೆ ಬರೀ ನೀರಿನಲ್ಲಿ ಬೇರು ನೆನೆಯಲಿ. ಎಲೆಯ ತುದಿ ಕಂದಾದರೆ, ಇಟ್ಟಿಗೆಯ ಮೇಲೆ ಬೆಳ್ಳಗೆ ಉಪ್ಪು ಮೂಡಿದರೆ, ಊಟ ಹೆಚ್ಚಾಯಿತೆಂದು ತಿಳಿಯಿರಿ. ಎರಡು ವಾರ ಬರೀ ನೀರು ಹೊಯ್ಯಿರಿ. ತೆಂಗಿನ ಸಿಪ್ಪೆಯನ್ನು ಬಳಸುವ ಮುಂಚೆ ಮೂರು ನಾಲ್ಕು ದಿನ ನೀರು ಬದಲಾಯಿಸಿ ನೆನೆಸಿ, ಅದರ ಒಗರು ಹೋಗಲಿ. ಮನಿಪ್ಲಾಂಟ್ ಸೀಸೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಬದಲಾಯಿಸಿ, ಇಲ್ಲದಿದ್ದರೆ ಗಿಡದ ಜೊತೆ ಡೆಂಗಿ ಸೊಳ್ಳೆಯನ್ನೂ ಸಾಕಿದ ಹಾಗಾಗುತ್ತದೆ. ಸೀಸೆಗಳಿಗೆ ಹೆಸರು ಬರೆದು ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಕತ್ತಲಲ್ಲಿಡಿ. ಪೆಟ್ಲುಪ್ಪಿನ ಪೊಟ್ಟಣ ಒಲೆಯ ಹತ್ತಿರ ಬೇಡ, ಅದು ಮದ್ದಿನ ಉಪ್ಪು.

ಗಿಡ ಎಲ್ಲಿಂದ ತರುವುದು ಎನ್ನುವುದೊಂದು ಮಾತು ಉಳಿಯಿತು. ಮೀಸಲು ಅರಣ್ಯದಿಂದ ಕೀಳುವುದು ಕಾನೂನಿಗೆ ವಿರುದ್ಧ. ಅಷ್ಟೇ ಅಲ್ಲ, ಸೀತಾಳೆಯ ಬೀಜ ಧೂಳಿನ ಹಾಗಿರುತ್ತದೆ, ಅದರಲ್ಲಿ ಮೊಳಕೆಗೆ ಬುತ್ತಿ ಇರುವುದಿಲ್ಲ. ತೊಗಟೆಯ ಮೇಲಿನ ಒಂದು ಜಾತಿಯ ಶಿಲೀಂಧ್ರ ಊಟ ಕೊಟ್ಟರೆ ಮಾತ್ರ ಅದು ಮೊಳೆಯುತ್ತದೆ. 1922ರಲ್ಲಿ ಅಮೆರಿಕದ ಕ್ನುಡ್‌ಸನ್ ಎಂಬಾತ ಸಕ್ಕರೆಯೂ ಲವಣಗಳೂ ಬೆರೆತ ಪಾಕದ ಮೇಲೆ ಆ ಶಿಲೀಂಧ್ರವಿಲ್ಲದೆಯೇ ಆರ್ಕಿಡ್ ಬೀಜ ಮೊಳೆಯಿಸಿದ. ಇವತ್ತು ಅಂಗಡಿಗೆ ಬರುವ ಆರ್ಕಿಡ್ ಸಸಿಗಳೆಲ್ಲ ಪ್ರಯೋಗಶಾಲೆಯ ಸೀಸೆಯಲ್ಲಿ ಹುಟ್ಟುವುದು ಆ ವಿದ್ಯೆಯಿಂದಲೇ. ಮರದ ಮೇಲೆ ತಾನಾಗಿ ಹುಟ್ಟಿದ ಗಿಡ ಹೂ ಬಿಡಬೇಕಾದರೆ ಹಲವು ವರ್ಷ ಬೇಕು. ಕೀಳುವುದಕ್ಕೆ ಒಂದು ನಿಮಿಷ ಸಾಕು.

ಕೀಳದೆಯೂ ಗಿಡ ಸಿಗುವ ದಾರಿ ನಿಮ್ಮ ತೋಟದಲ್ಲೇ ಇದೆ. ವರ್ಷ ವರ್ಷ ಮರಗಸಿ ಮಾಡಿಸುತ್ತೀರಿ. ಹಲಸು, ಅತ್ತಿ, ಮತ್ತಿ, ನಂದಿ ಮರಗಳಿಂದ ಬಿದ್ದ ಕೊಂಬೆಯ ಮೇಲೆ ಎಷ್ಟು ಸೀತಾಳೆ, ಎಷ್ಟು ಸಣ್ಣ ಮರಬಾಳೆ ಇರುತ್ತದೆ! ಬಿಸಿಲಿಗೆ ಬಿದ್ದ ಮೇಲೆ ಅವು ಕೆಲವು ದಿನದಲ್ಲಿ ಸುಟ್ಟುಹೋಗುತ್ತವೆ, ಇಲ್ಲವೆ ಸೌದೆಯ ಜೊತೆ ಒಲೆಗೆ ಹೋಗುತ್ತವೆ. ಹಳೇ ಕಾಡುಮರ ತೆಗೆದು ಸಿಲ್ವರ್ ಓಕ್ ನೆಟ್ಟ ತೋಟಗಳು ಹೆಚ್ಚಾದ ಹಾಗೆ, ಅವು ಕೂರುವ ಕೊಂಬೆಯೇ ಕಡಿಮೆಯಾಗುತ್ತಿದೆ. ಮರಗಸಿಯ ದಿನ ಆಳುಗಳಿಗೆ ಒಂದು ಮಾತು ಹೇಳಿಡಿ, ಗಿಡ ಇರುವ ಕೊಂಬೆಯನ್ನು ಪಕ್ಕಕ್ಕೆ ನೆರಳಿಗೆ ಎಳೆದಿಡಲಿ. ಸಾಯಂಕಾಲ ಹೋಗಿ, ಬೇರು ಹರಿಯದಂತೆ ತೊಗಟೆ ಸಮೇತ ಎಬ್ಬಿಸಿ ತನ್ನಿ. ಮನೆ ಮುಂದಿನ ಹಲಸಿಗೋ ಅಡಿಕೆ ಮರಕ್ಕೋ, ಇಲ್ಲ ಜಗಲಿಯ ತೊಲೆಯಿಂದ ಇಳಿಬಿಟ್ಟ ಒಂದು ಮರದ ತುಂಡಿಗೋ, ತೆಂಗಿನ ನಾರಿನಿಂದ ಸಡಿಲವಾಗಿ ಕಟ್ಟಿ. ಬೆಳಗಿನ ಎಳೆಬಿಸಿಲು ಬೀಳಲಿ, ಮಧ್ಯಾಹ್ನದ್ದು ಬೇಡ. ಮೊದಲ ಮೂರು ವಾರ ಬರೀ ನೀರು ಚಿಮುಕಿಸಿ, ಗೊಬ್ಬರ ಬೇಡ. ಬೇರಿನ ತುದಿಯಲ್ಲಿ ಹೊಸ ಹಸಿರು ಕಂಡ ದಿನದಿಂದ ಆ 25 ಮಿಲಿಲೀಟರಿನ ಲೆಕ್ಕ ಶುರು ಮಾಡಿ. ಮಳೆ ಜೋರಾಗಿ ಹಿಡಿದ ಮೇಲೆ, ಮರಕ್ಕೆ ಕಟ್ಟಿದ ಗಿಡಕ್ಕೆ ನಿಮ್ಮ ಬಕೆಟ್ಟು ಬೇಕಾಗುವುದಿಲ್ಲ, ಜಗಲಿಯ ಸೂರಿನ ಒಳಗಿರುವುದಕ್ಕೆ ಮಾತ್ರ ಕೊಡಿ.